ಮೊದಲ ದಿನ ಏನು ಹಾಕಿದ್ರಿ?

ಹೊಟ್ಟೆ ತುಂಬ ಉಣಿಸಿ ನಾನೊಂದು ಕುದುರೆಯನ್ನು ಕೊಂದಿದ್ದೇನೆ. ಅದನ್ನು ಯಾರ ಮುಂದೆ ಒಪ್ಪಿಕೊಳ್ಳಬೇಕಿತ್ತೋ ಅವರ ಮುಂದೆ ಕೂತು ಸುಳ್ಳು ಹೇಳಿ ಎದ್ದು ಬಂದೆ. ಆ ಸುಳ್ಳು ಇಷ್ಟು ವರ್ಷ ಗಂಟಲಲ್ಲೇ ಉಳಿದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆಯಲ್ಲಿ ಹಿಂಡಿ-ಬೂಸಾ ಅಂಗಡಿ. ಎಣ್ಣೆ ಮಿಲ್ಲುಗಳ ಊರಲ್ಲಿ ಶೇಂಗಾ ಹಿಂಡಿಯ ವಾಸನೆಯಲ್ಲೇ ಬೆಳೆದವನು ನಾನು. ಯಾವ ದನಕ್ಕೆ ಏನು ಹಾಕಬೇಕು, ಹಾಲು ಕೊಡುವ ಎಮ್ಮೆಗೆಷ್ಟು, ಗಾಡಿ ಎತ್ತಿಗೆಷ್ಟು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಮೇವಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ನಂಬಿಕೆ ನನ್ನೊಳಗೆ ಗಟ್ಟಿಯಾಗಿ ಕೂತಿತ್ತು.

ಅದು 2017ರ ಫೆಬ್ರವರಿ. ಹಿಂದಿನ ವರ್ಷ ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ. ಶೇಂಗಾ ಬಳ್ಳಿಯಲ್ಲಿ ಕಾಯಿ ಕಟ್ಟಿರಲಿಲ್ಲ. ದನಕ್ಕಾದರೂ ಆದೀತೆಂದುಕೊಂಡಿದ್ದ ಹೊಟ್ಟೂ ಕೈಗೆ ಸಿಕ್ಕಿರಲಿಲ್ಲ. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತು ಕಾಯುವ ಕಿಲಾರಿಗಳು ಅವುಗಳ ಪಕ್ಕೆಲುಬು ಎಣಿಸುತ್ತ ಕೂತಿದ್ದರು. ಗೋಶಾಲೆಗಳ ಮುಂದೆ ಮೇವಿನ ಲಾರಿಗಾಗಿ ಜನ ಬೆಳಗಿನ ಜಾವದಿಂದ ಕಾಯುತ್ತಿದ್ದರು. ಅಂಥ ಒಂದು ಸಂಜೆ ತಳಕಿಗೆ ಬೂಸಾ ಇಳಿಸಿ ಟಾಟಾ ಏಸ್‌ನಲ್ಲಿ ಬರುತ್ತಿದ್ದೆ. ರಸ್ತೆಯಿಂದ ಸ್ವಲ್ಪ ಒಳಗೆ, ಬಳ್ಳಾರಿ ಜಾಲಿಯ ಮೆಳೆಯ ಪಕ್ಕ ಆ ಹೆಣ್ಣು ಕುದುರೆ ನಿಂತಿತ್ತು.

ಹತ್ತಿರ ಹೋದರೂ ಅದು ಕದಲಲಿಲ್ಲ. ಬೆನ್ನುಮೂಳೆ ಗುಡಾರದ ಕಂಬದ ಹಾಗೆ ಚರ್ಮವನ್ನು ಎತ್ತಿ ಹಿಡಿದಿತ್ತು. ಎಡಗಣ್ಣಿನ ಮೇಲೆ ಬಿಳಿ ಪೊರೆ. ಬಾಯಿಯ ಎರಡೂ ಮೂಲೆಯಲ್ಲಿ ಹಳೆಯ ಗಾಯ ಗಂಟುಗಟ್ಟಿತ್ತು. ಗೊರಸು ಲಾಳವನ್ನೂ ಮೀರಿ ಮುಂದಕ್ಕೆ ಚಾಚಿಕೊಂಡಿತ್ತು. ಹಣೆಯಲ್ಲೊಂದು ಬಿಳಿ ಬೊಟ್ಟು. ಕೈ ಚಾಚಿದೆ, ಹೊಡೆಯುತ್ತಾರೆಂದು ಅದು ಕಣ್ಣು ಮುಚ್ಚಿಕೊಂಡಿತು. ಆ ಮುಚ್ಚಿದ ಕಣ್ಣನ್ನು ನೋಡಿ ನನ್ನ ಹೊಟ್ಟೆ ಕಿವುಚಿದಂತಾಯಿತು. ಇಬ್ಬರನ್ನು ಕರೆದು ಗಾಡಿಗೆ ಹತ್ತಿಸಿಕೊಂಡು ಮನೆಗೆ ತಂದೆ.

ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟಿ ಲಕ್ಷ್ಮಿ ಎಂದು ಹೆಸರಿಟ್ಟೆ. ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯಿಸಿದೆ. ಜೋಳದ ನುಚ್ಚು ಕಲಸಿದೆ, ಎರಡು ಅಚ್ಚು ಬೆಲ್ಲ ಪುಡಿ ಮಾಡಿ ಹಾಕಿದೆ, ನೆನೆಸಿದ ಶೇಂಗಾ ಹಿಂಡಿ ಸುರಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಲಂಘನ ಬಿದ್ದ ಹೊಟ್ಟೆಗೆ ಗಂಜಿ ಕಣಪ್ಪ ಮೊದ್ಲು. ನಿಂಗೆ ವಿಷಮಜ್ವರ ಬಂದು ಎದ್ದಾಗ ಒಂದು ವಾರ ಏನು ಕೊಟ್ಟಿದ್ದೆ ನಾನು?"

"ಅವ್ವಾ, ಅದು ಕುದುರೆ. ಮನುಷ್ಯರಲ್ಲ" ಎಂದು ನಕ್ಕೆ.

ಬಕೆಟ್ಟು ಖಾಲಿಯಾಯಿತು. ಅದು ತಳ ನೆಕ್ಕುತ್ತಿದ್ದ ಸದ್ದು ಕೇಳುತ್ತ ನಾನು ಅತ್ತೆ. ಅಂಥ ಪುಣ್ಯದ ಸದ್ದನ್ನು ಜೀವಮಾನದಲ್ಲಿ ಕೇಳಿಲ್ಲ ಅನ್ನಿಸಿತು. ಮರುದಿನ ಬೆಳಿಗ್ಗೆ ಮತ್ತೊಂದು ಬಕೆಟ್ಟು, ಸಂಜೆ ಇನ್ನೊಂದು. ಪಶು ಆಸ್ಪತ್ರೆ ಅಂಗಡಿಯಿಂದ ನಡೆದುಹೋಗುವಷ್ಟು ಹತ್ತಿರ. ಡಾಕ್ಟರನ್ನು ಕರೆಯಲಿಲ್ಲ. ತಿನ್ನುತ್ತಿರುವ ಪ್ರಾಣಿಗೆ ಡಾಕ್ಟರು ಯಾಕೆ ಅಂದುಕೊಂಡೆ.

ಮೂರನೇ ದಿನ ಅದರ ತೊಡೆ ನಡುಗತೊಡಗಿತು. ನಾಲ್ಕನೇ ದಿನ ಬೆಳಿಗ್ಗೆ ಹೋದಾಗ ಮಲಗಿತ್ತು. ಏಳಲು ಮುಂಗಾಲೂರಿ ಮತ್ತೆ ಕುಸಿಯಿತು. ಆಗ ಓಡಿದೆ. ಡಾಕ್ಟರು ಬಂದು ದವಡೆಯ ಕೆಳಗೆ ನಾಡಿ ಹಿಡಿದರು. ವಿರಾಮದಲ್ಲಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44 ಬಡಿತ ಸಹಜವಂತೆ. ಇದರದ್ದು 80 ದಾಟಿತ್ತು.

"ಎಷ್ಟು ದಿನದಿಂದ ಉಪವಾಸ ಇತ್ತು ಇದು?"

"ಗೊತ್ತಿಲ್ಲ ಸರ್."

"ಏನು ಹಾಕಿದ್ರಿ?"

ಹೇಳಿದೆ. ಅವರು ಬಕೆಟ್ಟಿನ ಕಡೆ ಒಮ್ಮೆ ನೋಡಿ ಚೀಲ ಬಿಚ್ಚಿದರು. ಬಾಟಲಿ ಏರಿಸಿದರು, ಚುಚ್ಚುಮದ್ದು ಕೊಟ್ಟರು, ಕತ್ತಲಾಗುವ ತನಕ ಕೂತರು. ಐದನೇ ದಿನ ನಸುಕಿನಲ್ಲಿ ಅದು ಸತ್ತಿತು.

ಏನಾಯಿತೆಂದು ಅವರು ಅಂದೇ ಬಿಡಿಸಿ ಹೇಳಿದರು. ಆಮೇಲೆ ನಾನೂ ಹುಡುಕಿ ಓದಿದೆ. ಮೇವು ಸಿಗದ ದೇಹ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿಕೊಂಡು ಬದುಕುತ್ತದೆ. ಅಷ್ಟು ಹೊತ್ತಿಗೆ ಮೈಯೊಳಗಿನ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಬತ್ತಿರುತ್ತವೆ. ಅಂಥ ಹೊಟ್ಟೆಗೆ ಕಾಳು, ನುಚ್ಚು, ಬೆಲ್ಲ ಒಮ್ಮೆಲೇ ಬಿದ್ದರೆ ಇನ್ಸುಲಿನ್ ಏರುತ್ತದೆ; ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಲವಣವನ್ನೂ ಜೀವಕೋಶಗಳು ಎಳೆದುಕೊಳ್ಳುತ್ತವೆ. ಹೃದಯಕ್ಕೂ ಉಸಿರಿಗೂ ಬೇಕಾದದ್ದು ಉಳಿಯುವುದಿಲ್ಲ. ಕುದುರೆಗಳಲ್ಲಿ ಇದು ಹೆಚ್ಚಾಗಿ ಮೂರರಿಂದ ಐದನೇ ದಿನದೊಳಗೆ ಆಗುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ, 1945ರಲ್ಲಿ, ನಾಜಿ ಶಿಬಿರಗಳಿಂದ ಬಿಡುಗಡೆಯಾದ ಎಷ್ಟೋ ಜನ ಹೀಗೆಯೇ ಸತ್ತರು. ಅವರನ್ನು ಬಿಡಿಸಿ ಉಣಿಸಿದ ಸೈನಿಕರದ್ದೂ ನನ್ನಂಥದೇ ಕರುಣೆ.

ಸರಿಯಾದ ದಾರಿಯೂ ಇತ್ತು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಸೊರಗಿದ ಕುದುರೆಗಳಿಗೆ ಬೇರೆ ಬೇರೆ ಮೇವು ಕೊಟ್ಟು ನೋಡಿ, ಒಣಗಿಸಿದ ಲೂಸರ್ನ್ ಸೊಪ್ಪು ಎಲ್ಲಕ್ಕಿಂತ ಒಳ್ಳೆಯದೆಂದು ಕಂಡುಕೊಂಡಿದ್ದಾರೆ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಅರ್ಧ ಕಿಲೋದಷ್ಟು, ದಿನಕ್ಕೆ ಆರು ಸಲ. ಆಮೇಲೆ ಹತ್ತನೇ ದಿನದವರೆಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು. ಕಾಳು, ಹಿಂಡಿ ಬೇಡವೇ ಬೇಡ. ನೀರು ಸದಾ ಪಕ್ಕದಲ್ಲಿರಬೇಕು. ಆ ಲೂಸರ್ನಿಗೆ ಕನ್ನಡದಲ್ಲಿ ಕುದುರೆ ಮೆಂತೆ ಎಂದೇ ಹೆಸರು. ಅದರ ಬೀಜ ನನ್ನ ಅಂಗಡಿಯಲ್ಲೇ ಮಾರಾಟಕ್ಕಿತ್ತು. ಹೆಸರಲ್ಲೇ ಕುದುರೆ ಇದ್ದ ಸೊಪ್ಪನ್ನು ಬಿಟ್ಟು, ಗಂಜಿ ಎಂದ ಅವ್ವನ ಮಾತನ್ನೂ ಬಿಟ್ಟು, ನಾನು ಹಿಂಡಿ ಕಲಸಿದ್ದೆ.

ಆ ದಿನ ಇದನ್ನೆಲ್ಲ ಒಪ್ಪಿಕೊಳ್ಳುವ ಶಕ್ತಿ ನನಗಿರಲಿಲ್ಲ. ದುಃಖ ಸಿಟ್ಟಾಗಿ ತಿರುಗಿತು. ಈ ಗತಿಗೆ ತಂದವನು ಒಬ್ಬನಿರಬೇಕು, ಅವನನ್ನು ಹಿಡಿಯಬೇಕು. ಡಾಕ್ಟರು ಗಾಯಗಳನ್ನು ಒಂದೊಂದಾಗಿ ತೋರಿಸಿದ್ದರು. ಹಲ್ಲು ನೋಡಿದರೆ ವಯಸ್ಸು ಹದಿನೈದರ ಮೇಲೆ. ಬಾಯಿಯ ಮೂಲೆಯದು ಮುಳ್ಳು ಕಡಿವಾಣದ ಗಾಯ. ಅಂಥ ಕಡಿವಾಣವನ್ನು ಗಾಡಿ ಎಳೆಯುವ ಪ್ರಾಣಿಗಳ ಹಿಂಸೆ ತಡೆಯುವ 1965ರ ನಿಯಮಗಳೇ ನಿಷೇಧಿಸಿವೆ. ಎದೆಯ ಮೇಲೆ ಪಟ್ಟಿ ಉಜ್ಜಿದ ಕಡೆ ಕೂದಲು ಬೆಳ್ಳಗೆ ಹುಟ್ಟಿತ್ತು; ವರ್ಷಗಟ್ಟಲೆ ಗಾಡಿ ಎಳೆದ ಗುರುತು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಆ ಲೆಕ್ಕದಲ್ಲಿ ಲಾಳ ಬಡಿದು ಎಂಟು ತಿಂಗಳಾದರೂ ಆಗಿತ್ತು. ಹೂಳುವ ಮೊದಲು ಒಂದು ಲಾಳ ಕಿತ್ತು, ಸಾಕ್ಷಿಗಿರಲೆಂದು ಜೇಬಿಗೆ ಹಾಕಿಕೊಂಡೆ.

ವಕೀಲರೊಬ್ಬರನ್ನು ಕೇಳಿದೆ. ಸಾಕುಪ್ರಾಣಿಗೆ ಮೇವು-ನೀರು ಕೊಡದೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. ಹಾಗಾದರೆ ಊರಿನ ಮುಂದೆ ಅವನ ಮಾನ ಕಳೆಯುತ್ತೇನೆ ಎಂದುಕೊಂಡು ಹೊರಟೆ.

ಎತ್ತಿನ ಲಾಳ ಎರಡು ಹೋಳು, ಕುದುರೆಯದು ಒಂದೇ ಬಳೆ. ಈ ಸೀಮೆಯಲ್ಲಿ ಕುದುರೆ ಲಾಳ ಬಡಿಯುವ ಕೈಗಳು ಈಗ ಬೆರಳೆಣಿಕೆಯಷ್ಟು. ಸಂತೆಯಿಂದ ಸಂತೆಗೆ ಕೇಳುತ್ತ ಹೋದೆ. ರಾಂಪುರದ ಕಡೆಯ ಒಬ್ಬರು ಆ ಲಾಳವನ್ನು ಅಂಗೈಯಲ್ಲಿ ತಿರುವಿ ನೋಡಿ, "ಇದು ನಾನೇ ಬಡ್ದಿದ್ದು. ಹೋದ ಕಾರಹುಣ್ಣಿಮೆಗೆ. ಮೊಳಕಾಲ್ಮೂರಿನ ಜಟ್ಕಾ ಅಜ್ಜಂದು" ಎಂದರು.

ಅಜ್ಜನ ಮನೆ ರೇಷ್ಮೆ ಮಗ್ಗಗಳ ಬೀದಿಯ ಕೊನೆಯಲ್ಲಿತ್ತು. ಬಾಗಿಲ ಪಕ್ಕ ಜಟ್ಕಾದ ಒಂದು ಚಕ್ರ ಗೋಡೆಗೊರಗಿ ನಿಂತಿತ್ತು. ನಾನು ಏರಿದ ದನಿಯಲ್ಲೇ ಲಾಳವನ್ನು ಮುಂದೆ ಹಿಡಿದೆ. ಅವರ ಕಣ್ಣು ಮಂಜಾಗಿತ್ತು. ಬೆರಳಲ್ಲಿ ಸವರಿ ನೋಡಿ, "ಚುಕ್ಕಿ" ಎಂದರು.

ಅದಕ್ಕೊಂದು ಹೆಸರಿತ್ತು. ನಾನು ಲಕ್ಷ್ಮಿ ಎಂದು ಕರೆದಾಗಲೆಲ್ಲ ಅದು ಕಿವಿ ಅಲ್ಲಾಡಿಸಿರಲಿಲ್ಲ.

ಕೂರಿಸಿ, ನೀರು ಕೊಟ್ಟು, ಅಜ್ಜ ಎಲ್ಲ ಹೇಳಿದರು. ಹನ್ನೊಂದು ವರ್ಷ ಚುಕ್ಕಿ ಅವರ ಮನೆ ನಡೆಸಿದ್ದಳು. ಬೆಳಿಗ್ಗೆ ಶಾಲೆ ಮಕ್ಕಳು, ಮಧ್ಯಾಹ್ನ ಸೀರೆಯ ಗಂಟು, ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಹಗಲಿರುಳು. ಆಟೋಗಳು ಬಂದಮೇಲೆ ಬಾಡಿಗೆ ಹೋಯಿತು. ಬಾಡಿಗೆ ಇಲ್ಲದ ತಿಂಗಳು ಚುಕ್ಕಿಯನ್ನು ಚಳ್ಳಕೆರೆ ಕಡೆಯ ನೆಂಟರ ಹಟ್ಟಿಯಲ್ಲಿ ಬಿಡುತ್ತಿದ್ದರಂತೆ. ಅಮೃತಮಹಲ್ ಕಾವಲಿನ ಹುಲ್ಲು ಮೇಯ್ದು ಮೈ ತುಂಬಿಕೊಂಡು ಬರುತ್ತಿದ್ದಳು. 2009-10ರ ಹೊತ್ತಿಗೆ ಸುಮಾರು 10,000 ಎಕರೆ ಕಾವಲು ಸಂಶೋಧನಾ ಸಂಸ್ಥೆಗಳಿಗೂ ಉದ್ದಿಮೆಗೂ ಹೋಯಿತು, ಸುತ್ತ ಗೋಡೆ ಎದ್ದಿತು. ಆಮೇಲೆ ಮೇವೆಲ್ಲ ದುಡ್ಡಿಗೆ. ಎರಡು ವರ್ಷ ಮಳೆ ಕೈಕೊಟ್ಟಾಗ ಹುಲ್ಲಿನ ರೇಟು ಅಜ್ಜನ ಕೈ ಮೀರಿತು.

"ಗೋಶಾಲೆ ತಾವ ಹೊಡ್ಕೊಂಡು ಹೋದೆ ಸಾಮಿ. ಇದು ದನಕ್ಕೆ ಅಜ್ಜ, ಕುದುರೆಗೆ ಬರಕಿಲ್ಲ ಅಂದ್ರು. ಅವರದ್ದೂ ಏನೂ ತಪ್ಪಿಲ್ಲ, ದನಕ್ಕೇ ಸಾಲ್ತಿರಲಿಲ್ಲ. ಕಣ್ಣಿನ ಆಪರೇಷನ್ನಿಗೆ ದುಡ್ಡು ಬೇಕಿತ್ತು. ಮದುವೆ ಮೆರವಣಿಗೆಯೋರು ಬಂದು, ಶೃಂಗಾರ ಮಾಡ್ಕೊಂಡು ನಿಂತ್ರೆ ಸಾಕು, ಗಾಡಿ ಎಳೆಯೋ ಕಷ್ಟ ಇಲ್ಲ ಅಂದ್ರು. ನಂಬಿ ಕೊಟ್ಟೆ. ಹೊಸ ಲಾಳ ಬಡಿಸಿ ಕೊಟ್ಟೆ."

ಮುಂದಿನದನ್ನು ಅವರು ಅವರಿವರಿಂದ ಕೇಳಿ ತಿಳಿದಿದ್ದರು. ಪಟಾಕಿ ಸದ್ದಿಗೆ ಬೆದರಿ ಚುಕ್ಕಿ ಮೆರವಣಿಗೆಯ ನಡುವೆ ಹಾರಿದಳು. ಎಡಗಣ್ಣು ಹೋದದ್ದು ಅಲ್ಲೇ. ಮೆರವಣಿಗೆಯವರು ಅವಳನ್ನು ರಾಯದುರ್ಗದ ಕಡೆಯ ಇಟ್ಟಿಗೆ ಗೂಡಿಗೆ ದಾಟಿಸಿದರು. ಮುಳ್ಳು ಕಡಿವಾಣ ಬಿದ್ದದ್ದು ಅಲ್ಲಿ. ನವೆಂಬರಿನಲ್ಲಿ ನೋಟು ರದ್ದಾಗಿ ಗೂಡು ನಿಂತಾಗ ಕೂಲಿಯವರು ಊರಿಗೆ ಹೋದರು, ಕುದುರೆಯ ಹಗ್ಗ ಬಿಚ್ಚಿದರು. ಗಡಿಯಾಚೆಯಿಂದ ತಳಕಿನ ತನಕ, ಆ ಒಂದು ಕಣ್ಣಲ್ಲಿ, ಅವಳು ಬಹುಶಃ ಕಾವಲಿನ ಹುಲ್ಲು ಹುಡುಕಿಕೊಂಡೇ ನಡೆದಿದ್ದಳು. ಸುದ್ದಿ ತಿಳಿದು ಅಜ್ಜ ಮಗನನ್ನು ಎರಡು ಸಲ ಹುಡುಕಲು ಕಳಿಸಿದ್ದರು.

ನಾನು ಹಿಡಿಯಲು ಹೋಗಿದ್ದ ಕಟುಕ ಅಲ್ಲಿರಲಿಲ್ಲ. ಬರ, ಗೋಡೆ, ಆಟೋ, ಸಾಲ, ಮಂಜುಗಣ್ಣು ಎಲ್ಲ ಸೇರಿ ಒಂದು ಜೀವವನ್ನು ಕೈಯಿಂದ ಕೈಗೆ ತಳ್ಳಿದ್ದವು. ಕೊನೆಯ ಕೈ ನನ್ನದು.

ಆಗ ಅಜ್ಜ ಮೆಲ್ಲಗೆ ಕೇಳಿದರು: "ಮೊದಲ ದಿನ ಏನು ಹಾಕಿದ್ರಿ ಸಾಮಿ?"

ಐವತ್ತು ವರ್ಷ ಕುದುರೆ ಸಾಕಿದವರು. ನಾನು ನಿಜ ಹೇಳಿದ್ದರೆ ಅವರಿಗೆ ಆ ಕ್ಷಣವೇ ತಿಳಿಯುತ್ತಿತ್ತು.

"ಒಣಹುಲ್ಲು ಅಜ್ಜ. ಸ್ವಲ್ಪ ಸ್ವಲ್ಪವೇ" ಎಂದೆ.

ಅವರು ತಲೆಯಾಡಿಸಿದರು. "ಹಂಗಾದ್ರೆ ನಿಮ್ಮ ಕೈಲಾದ್ದು ಮಾಡಿದ್ದೀರ. ನಾನೇ ಮಾರಬಾರದಿತ್ತು. ತಪ್ಪು ನಂದು." ಲಾಳವನ್ನು ಇಟ್ಟುಕೊಳ್ಳಲೇ ಎಂದು ಕೇಳಿದರು. ಕೊಟ್ಟು ಬಂದೆ.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಶಾಲೆಯಲ್ಲಿದ್ದಾಗ ಪ್ರವಾಸ ಹೋಗಿ ನೋಡಿದ್ದೆ. ಮೇಷ್ಟ್ರು ಅರ್ಥ ಹೇಳಿದ್ದರು. ತಂದೆತಾಯಿಯ ಮಾತಿಗೆ ನಡೆಯಬೇಕೆಂದು ಅದರಲ್ಲಿದೆ, ಜೀವಿಗಳ ಬಗೆಗಿನ ಕಾಳಜಿ ಗಟ್ಟಿಯಾಗಿರಬೇಕೆಂದಿದೆ, ಸತ್ಯ ನುಡಿಯಬೇಕೆಂದಿದೆ. ಮೂರೂ ಒಂದರ ಹಿಂದೊಂದು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದಿಂದ ನಮ್ಮ ಸೀಮೆಯ ಬಂಡೆ ಅದನ್ನು ಹೊತ್ತುಕೊಂಡಿದೆ. ನಾನು ನಡುವಿನದೊಂದನ್ನೇ ಹಿಡಿದುಕೊಂಡಿದ್ದೆ. ಅವ್ವನ ಮಾತು ಬಿಟ್ಟ ಮೇಲೆ, ಸತ್ಯವನ್ನೂ ಬಿಟ್ಟ ಮೇಲೆ, ನನ್ನ ದಯೆಗೆ ನಿಲ್ಲಲು ನೆಲವೇ ಇರಲಿಲ್ಲ. ಒಂದು ಜೀವವನ್ನು ಮನೆಗೆ ತರುವವನು ಅದರ ಹಿಂದಿನ ದಿನಗಳನ್ನೂ ತರುತ್ತಾನೆ. ಎಷ್ಟು ದಿನದಿಂದ ತಿಂದಿಲ್ಲ, ಯಾವ ಕೈ ಹೊಡೆದಿದೆ, ಯಾವ ಹೆಸರಿಗೆ ಕಿವಿ ನಿಮಿರುತ್ತದೆ ಎಂದು ಕೇಳದೆ ಕೊಟ್ಟ ತುತ್ತು ಕೊಡುವವನ ಸಂತೋಷಕ್ಕೆ ಮಾತ್ರ.

ಈಗ ಅಂಗಡಿಗೆ ಯಾರಾದರೂ ಬಂದು "ದನ ಸೊರಗಿದೆ, ಒಳ್ಳೆ ಹಿಂಡಿ ಕೊಡಪ್ಪ" ಎಂದರೆ ತಕ್ಕಡಿ ಮುಟ್ಟುವ ಮೊದಲು ಕೇಳುತ್ತೇನೆ: ಎಷ್ಟು ದಿನದಿಂದ? ಉತ್ತರ ಗೊತ್ತಿಲ್ಲದಿದ್ದರೆ ಹಿಂಡಿ ಕೊಡುವುದಿಲ್ಲ, ಪಶು ಆಸ್ಪತ್ರೆಯ ದಾರಿ ತೋರಿಸುತ್ತೇನೆ. ಕೊಟ್ಟಿಗೆಯ ಹಿಂದೆ ನಾಲ್ಕು ಗುಂಟೆಯಲ್ಲಿ ಕುದುರೆ ಮೆಂತೆ ಬೆಳೆದಿದ್ದೇನೆ. ಕೇಳಿ ಬಂದವರಿಗೆ ಅದು ದುಡ್ಡಿಗಲ್ಲ.

ನಿಜ ಹೇಳಬೇಕೆಂದು ಮತ್ತೆ ಮೊಳಕಾಲ್ಮೂರಿಗೆ ಹೋಗುವಷ್ಟು ಧೈರ್ಯ ಬರಲು ಒಂದು ವರ್ಷವಾಯಿತು. ಹೋದಾಗ ಅಜ್ಜ ತೀರಿಕೊಂಡು ಎರಡು ತಿಂಗಳಾಗಿತ್ತು. ಬಾಗಿಲ ಮೇಲೆ ಆ ಲಾಳವನ್ನು ಮೊಳೆ ಹೊಡೆದು ಕೂರಿಸಿದ್ದರು.

ಅಜ್ಜಾ, ನಾನು ಹಾಕಿದ್ದು ಒಣಹುಲ್ಲಲ್ಲ. ಹುರುಳಿ, ನುಚ್ಚು, ಬೆಲ್ಲ, ಹಿಂಡಿ. ಬಕೆಟ್ಟು ತುಂಬ, ದಿನಕ್ಕೆರಡು ಸಲ. ತಪ್ಪು ನಿಮ್ಮದಲ್ಲ.