ಬಿಲ್ ಕೇಳದೆ ಕೆಟ್ಟೆವು

ಹಾಲಿನ ಬಟವಾಡೆ ದುಡ್ಡಲ್ಲಿ ತಂಗಿಯ ಓದಿಗೆಂದು ವೈಫೈ ಹಾಟ್‌ಸ್ಪಾಟ್ ತಂದೆವು. ‘ನಿಮ್ಮೂರಲ್ಲೂ ಫುಲ್ ಸಿಗ್ನಲ್’ ಅಂದಿದ್ದರು ಅಂಗಡಿಯವರು. ಮನೆಯೊಳಗೆ ಒಂದು ಕಡ್ಡಿಯೂ ಬರಲಿಲ್ಲ. ಮಾಳಿಗೆ ಹತ್ತಿದರೂ ಅಷ್ಟೇ. ವಾಪಸ್ ಒಯ್ದರೆ, ‘ಬಿಲ್ ಎಲ್ಲಿ?’ ಎಂದರು. ಪತ್ರಿಕೋದ್ಯಮ ಓದಿದ ನಾವೇ ಬಿಲ್ ಕೇಳಿರಲಿಲ್ಲ! ತಂಗಿ ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಕೂತು ಪಾಠ ಕೇಳುತ್ತಾಳೆ.

ನೀವು ಹೀಗೆ ಮಾಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಬಿಲ್ ಕೊಡದಿರುವುದೂ ತಪ್ಪು. ಸೇವೆ ಸರಿಯಿಲ್ಲದಿದ್ದರೆ ಬಿಲ್‌ನಲ್ಲಿರುವ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ಹಣ ಹಿಂದಿರುಗಿಸಬೇಕು. ಒಪ್ಪದಿದ್ದರೆ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಹೇಳಿ. ಅದಕ್ಕೂ ಬಗ್ಗದಿದ್ದರೆ 2 ವರ್ಷದೊಳಗೆ ನಿಮ್ಮದೇ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಮೊದಲು ಬಿಲ್ ಕೇಳಿ, ಆಮೇಲೆ ದುಡ್ಡು ಕೊಡಿ.