ಜಗ್ಗದ್ದು ಯಾರು?

ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯಗಳಲ್ಲಿ ‘ಇಂಟ್ರ್ಯಾಕ್ಟಬಲ್’ (ಜಗ್ಗದ, ಬಗೆಹರಿಯದ) ಎಂಬ ವಿಶೇಷಣ ಒಂಟಿಯಾಗಿ ಓಡಾಡುವುದು ಕಡಿಮೆ. ಅದರ ಹಿಂದೆ ‘ಪ್ರೂವ್ಡ್’ ಎಂಬ ಕ್ರಿಯಾಪದವೋ ‘ಸೀಮಿಂಗ್ಲಿ’ ಎಂಬ ಬಾಲಂಗೋಚಿಯೋ ಇರುತ್ತದೆ. ಮುಂದೆ ವಿವಾದ, ಸಂಘರ್ಷ, ಸಮಸ್ಯೆ ಇವುಗಳಲ್ಲಿ ಯಾವುದಾದರೊಂದು. ‘ಪ್ರೂವ್ಡ್’ ಎಂದಾಗ ನಿಜವಾಗಿ ಏನೂ ಸಾಬೀತಾಗಿರುವುದಿಲ್ಲ, ಬಿಡಿಸಲು ಹೋದವರು ಸುಸ್ತಾಗಿರುತ್ತಾರೆ ಅಷ್ಟೆ. ‘ಸೀಮಿಂಗ್ಲಿ’ ಸೇರಿಸುವವರು ಇನ್ನೂ ಜಾಣರು: ನಾಳೆ ವಿಷಯ ಬಗೆಹರಿದುಬಿಟ್ಟರೆ ‘ಮೇಲ್ನೋಟಕ್ಕೆ ಹಾಗೆ ಕಂಡಿತ್ತು ಎಂದಿದ್ದೆವಲ್ಲ’ ಎನ್ನಬಹುದು. ಪದದ ಬೇರು ಲ್ಯಾಟಿನ್ನಿನಲ್ಲಿದೆ. ಎಳೆಯುವ, ಹಿಡಿದು ನಡೆಸುವ ಅರ್ಥದ ಧಾತು. ನಮ್ಮ ಹೊಲದ ಟ್ರ್ಯಾಕ್ಟರ್ ಕೂಡ ಅದೇ ವಂಶದ್ದು. ಹಿಂದಿನ ಇಂಗ್ಲಿಷ್ ಬರಹಗಾರರು ಈ ವಿಶೇಷಣವನ್ನು ಹೇಳಿದ ಮಾತು ಕೇಳದ ಮಗನಿಗೆ, ಲಗಾಮಿಗೆ ಬಗ್ಗದ ಕುದುರೆಗೆ ಧಾರಾಳವಾಗಿ ಬಳಸುತ್ತಿದ್ದರು. ಅಲ್ಲಿ ಹಟ ಯಾರದು ಎಂಬುದರಲ್ಲಿ ಅನುಮಾನವಿರಲಿಲ್ಲ. ಈಗ ಅದು ಹೆಚ್ಚಾಗಿ ಸಮಸ್ಯೆಗಳ ಹೆಗಲೇರಿ ಕೂತಿದೆ, ಹಟವೂ ಸಮಸ್ಯೆಯದೇ ಆಗಿಬಿಟ್ಟಿದೆ. ನನ್ನ ತಕರಾರು ಇಷ್ಟೆ: ಬಹಳಷ್ಟು ಸಲ ಜಗ್ಗದೆ ನಿಂತಿರುವುದು ಸಮಸ್ಯೆಯಲ್ಲ, ಅದರ ಸುತ್ತ ಕೂತಿರುವವರು.

ಮೊದಲು ವೈದ್ಯರ ಕಪಾಟಿನಿಂದ ಒಂದು ಸಾಕ್ಷಿ ತೆಗೆಯೋಣ. ಹೊಟ್ಟೆಯ ಹುಣ್ಣಿಗೆ ಯಾವಾಗ ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ಕಳೆದ ಶತಮಾನದ ಸರ್ಜರಿ ವಿದ್ಯಾರ್ಥಿಗಳು ನಾಲ್ಕು ಕಾರಣಗಳನ್ನು ಬಾಯಿಪಾಠ ಮಾಡುತ್ತಿದ್ದರು. ರಕ್ತ ಸೋರಿದರೆ, ತೂತು ಬಿದ್ದರೆ, ದಾರಿ ಕಟ್ಟಿಕೊಂಡರೆ, ಇಲ್ಲವೇ ಹುಣ್ಣು ‘ಇಂಟ್ರ್ಯಾಕ್ಟಬಲ್’ ಆಗಿದ್ದರೆ. ಮೊದಲ ಮೂರು ಕಣ್ಣಿಗೆ ಕಾಣುವ ಸಂಗತಿಗಳು. ನಾಲ್ಕನೆಯದು ವೈದ್ಯರು ಕೈಚೆಲ್ಲಿದ್ದಾರೆ ಎಂಬುದರ ಮರ್ಯಾದಸ್ಥ ಹೆಸರು. ಖಾರ ತಿಂದಿದ್ದಕ್ಕೆ, ಚಿಂತೆ ಮಾಡಿದ್ದಕ್ಕೆ ರೋಗಿಯನ್ನೇ ದೂರಿ, ಕೊನೆಗೆ ಜಠರದ ಒಂದು ಭಾಗವನ್ನೋ ಆಮ್ಲಕ್ಕೆ ಆಜ್ಞೆ ಕೊಡುವ ನರವನ್ನೋ ಕತ್ತರಿಸುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಎಂಬ ರೋಗಶಾಸ್ತ್ರಜ್ಞ 1979ರಲ್ಲಿ ಜಠರದ ತುಣುಕುಗಳ ಮೇಲೆ ಬಾಗಿದ ಬ್ಯಾಕ್ಟೀರಿಯಾಗಳನ್ನು ಕಂಡ. ಆಮ್ಲದಲ್ಲಿ ಜೀವಿ ಬದುಕುವುದುಂಟೇ ಎಂದು ಉಳಿದವರು ನಕ್ಕರು. ಕಿರಿಯ ವೈದ್ಯ ಬ್ಯಾರಿ ಮಾರ್ಷಲ್ ಜೊತೆಗೂಡಿದ. ಆ ಬ್ಯಾಕ್ಟೀರಿಯಾಗಳನ್ನು ತಟ್ಟೆಯಲ್ಲಿ ಬೆಳೆಸಲು ಮತ್ತೆ ಮತ್ತೆ ನೋಡಿದರೂ ಏನೂ ಬೆಳೆಯಲಿಲ್ಲ, ಯಾಕೆಂದರೆ ಪ್ರಯೋಗಾಲಯದವರು ಎರಡು ದಿನ ಕಾದು ತಟ್ಟೆಗಳನ್ನು ಎಸೆದುಬಿಡುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಇನ್ಕ್ಯುಬೇಟರಿನಲ್ಲೇ ಉಳಿದವು. ರಜೆ ಮುಗಿಸಿ ಬಂದಾಗ ಬ್ಯಾಕ್ಟೀರಿಯಾ ಬೆಳೆದಿತ್ತು. ಹುಣ್ಣಿನ ಹಿಂದೆ ಅದರ ಕೈವಾಡವಿದೆ ಎಂದು ಪತ್ತೆಹಚ್ಚಿದ್ದಕ್ಕೆ 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾದಿಂದ ಬಂದ ಹುಣ್ಣಿಗೆ ಇವತ್ತು ಒಂದೆರಡು ವಾರದ ಮಾತ್ರೆ ಸಾಕು. ಆ ನಾಲ್ಕನೆಯ ಕಾರಣ ಹುಣ್ಣಿನ ಗುಣವಾಗಿರಲೇ ಇಲ್ಲ, ತಟ್ಟೆಯನ್ನು ಬೇಗ ಎಸೆಯುವ ಅಭ್ಯಾಸದ ಗುಣವಾಗಿತ್ತು.

ರೋಗದ ಮಾತು ಬೇರೆ, ಅಲ್ಲಿ ಕಾರಣವೇ ಗೊತ್ತಿರಲಿಲ್ಲ ಎನ್ನಬಹುದು. ಹಾಗಾದರೆ ಎಲ್ಲವೂ ಗೊತ್ತಿದ್ದ ಒಂದು ಪ್ರಕರಣ ನೋಡಿ. ಮೂರು ದಶಕಗಳಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಉತ್ತರ ಐರ್ಲೆಂಡಿನ ಜಗಳಕ್ಕೆ ಈ ವಿಶೇಷಣ ಬಿರುದಿನಂತೆ ಅಂಟಿಕೊಂಡಿತ್ತು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ದಿನ ಒಪ್ಪಂದವಾಯಿತು. (ಇಲ್ಲೂ ಈಸ್ಟರ್ ವಾರ ಬಂದಿರುವುದು ಕಾಕತಾಳೀಯ, ರಜೆಯಲ್ಲಿ ಸಮಸ್ಯೆಗಳು ಸಡಿಲವಾಗುತ್ತವೆಂಬ ಸಿದ್ಧಾಂತವೇನೂ ನನ್ನದಲ್ಲ.) ವಿಚಿತ್ರವೆಂದರೆ ಬ್ರಿಟನ್ನಿನೊಂದಿಗೇ ಉಳಿಯಬೇಕೆನ್ನುವ ಒಕ್ಕೂಟವಾದಿಗಳು, ಐರ್ಲೆಂಡಿಗೆ ಸೇರಬೇಕೆನ್ನುವವರು ಎಂಬ ಎರಡೂ ಸಮುದಾಯಗಳು ಅಧಿಕಾರ ಹಂಚಿಕೊಳ್ಳಬೇಕು, ದಕ್ಷಿಣದ ಐರ್ಲೆಂಡಿನೊಂದಿಗೆ ಒಂದು ಜಂಟಿ ವ್ಯವಸ್ಥೆ ಇರಬೇಕು ಎಂಬ ಹಂದರ 1973ರ ಸನಿಂಗ್‌ಡೇಲ್ ಒಪ್ಪಂದದಲ್ಲೇ ಇತ್ತು. ಆಗ ರಚನೆಯಾದ ಸರ್ಕಾರವನ್ನು ಒಕ್ಕೂಟವಾದಿಗಳ ಮುಷ್ಕರ 1974ರ ಮೇ ತಿಂಗಳಲ್ಲಿ ಬೀಳಿಸಿತು. ಹೊಸ ಒಪ್ಪಂದವನ್ನು ಕಂಡು ಅಲ್ಲಿನ ನಾಯಕ ಶೇಮಸ್ ಮ್ಯಾಲನ್, ಇದು ನಿಧಾನವಾಗಿ ಕಲಿಯುವವರಿಗಾಗಿ ಬಂದ ಸನಿಂಗ್‌ಡೇಲ್ ಎಂದು ಕುಟುಕಿದ್ದರು. ಪರಿಹಾರ ಮೇಜಿನ ಮೇಲಿದ್ದಾಗಲೂ ಜಗಳವನ್ನೇ ‘ಇಂಟ್ರ್ಯಾಕ್ಟಬಲ್’ ಎನ್ನುತ್ತಿದ್ದ ವಾಕ್ಯ ಅದನ್ನು ಒಪ್ಪದವರ ಹೆಸರನ್ನು ಮುಚ್ಚಿಟ್ಟಿತು.

ನನ್ನ ಈ ತಕರಾರಿಗೆ ಗಟ್ಟಿಯಾದ ಆಕ್ಷೇಪ ಬರುವುದು ಗಣಿತದವರಿಂದ. ಅವರಲ್ಲಿ ಈ ಪದಕ್ಕೆ ಒಂದು ಕರಾರುವಾಕ್ಕಾದ ಕೆಲಸವಿದೆ: ಸಮಸ್ಯೆ ಸ್ವಲ್ಪ ದೊಡ್ಡದಾದರೆ ಲೆಕ್ಕದ ಹೊತ್ತು ಹದ್ದುಮೀರಿ ಬೆಳೆಯುತ್ತದೆ ಎಂದು ಹೇಳುವುದು. ಗ್ಯಾರಿ ಮತ್ತು ಜಾನ್ಸನ್ 1979ರಲ್ಲಿ ಬರೆದ ಪಠ್ಯಪುಸ್ತಕದ ಶೀರ್ಷಿಕೆಯಲ್ಲೇ ಅದು ಕೂತಿದೆ. ಅದರಲ್ಲೊಂದು ವ್ಯಂಗ್ಯಚಿತ್ರ: ನೌಕರನೊಬ್ಬ ಮಾಲೀಕನೆದುರು ನಿಂತು ತನಗೆ ದಾರಿ ಸಿಗಲಿಲ್ಲ ಎನ್ನುತ್ತಾನೆ, ಹಿಂದೆ ಸಾಲುಗಟ್ಟಿ ನಿಂತ ಘಟಾನುಘಟಿಗಳನ್ನು ತೋರಿಸಿ ಇವರಿಗೂ ಸಿಕ್ಕಿಲ್ಲ ಎನ್ನುತ್ತಾನೆ. ನನಗೆ ಈ ಚಿತ್ರದ ಮೇಲೆ ಗೌರವ, ಅದರಲ್ಲಿ ಸುಳ್ಳಿಲ್ಲ. ಸಾಧ್ಯವಿಲ್ಲವೆಂದು ಆತ ಸಾಧಿಸಿಲ್ಲ, ಸಾಧಿಸಿದ್ದೇನೆಂದು ಹೇಳಿಕೊಂಡೂ ಇಲ್ಲ. ಊರೂರು ಸುತ್ತುವ ಮಾರಾಟಗಾರನಿಗೆ ಅತಿ ಹತ್ತಿರದ ದಾರಿ ಹುಡುಕುವುದು ಈ ಜಾತಿಯ ಹೆಸರಾಂತ ಸಮಸ್ಯೆ. ಆದರೂ 2006ರಲ್ಲಿ 85,900 ಬಿಂದುಗಳಿದ್ದ ಅಂಥದ್ದೊಂದು ಲೆಕ್ಕಕ್ಕೆ ಅತ್ಯುತ್ತಮ ಉತ್ತರವನ್ನೇ ಕಂಡುಹಿಡಿದರು. ಎಲ್ಲ ಲೆಕ್ಕಗಳಿಗೂ ಬೇಗ ಉತ್ತರ ಕೊಡುವ ದಾರಿ ಸಿಕ್ಕಿಲ್ಲ ಎಂಬುದು ಒಂದು ಮಾತು, ನಿನ್ನ ಕೈಯಲ್ಲಿರುವ ಲೆಕ್ಕ ಬಗೆಹರಿಯದು ಎಂಬುದು ಬೇರೆಯೇ ಮಾತು. ಗಣಿತದವರು ಈ ಗಡಿ ಕಾಯುತ್ತಾರೆ, ಸಂಪಾದಕೀಯದವರು ದಾಟುತ್ತಾರೆ.

ಸೋಲೊಪ್ಪುವುದರಿಂದ ಒಳ್ಳೆಯದೂ ಆಗುತ್ತದಲ್ಲ ಎಂಬ ಇನ್ನೊಂದು ಮಾತನ್ನು ನಾನು ಒಪ್ಪುತ್ತೇನೆ. ನೋವು ಹೋಗದು ಎಂದು ವೈದ್ಯರು ಒಪ್ಪಿದ ಮೇಲೆಯೇ ಅದನ್ನು ತಗ್ಗಿಸುವ ಚಿಕಿತ್ಸೆ ಶುರುವಾಗುತ್ತದೆ. ಆದರೆ ಅಲ್ಲಿ ಅಳತೆಗೋಲು ಬೇಕು. ಮೂರ್ಛೆರೋಗದ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ 2010ರಲ್ಲಿ ಅಂಥದ್ದೊಂದನ್ನು ಕೊಟ್ಟಿತು: ಸರಿಯಾಗಿ ಆರಿಸಿದ, ರೋಗಿ ತಾಳಿಕೊಂಡ ಎರಡು ಔಷಧಗಳನ್ನು ಸಾಕಷ್ಟು ಕಾಲ ಕೊಟ್ಟೂ ಅವು ಸೋತರೆ ಆ ರೋಗ ಔಷಧಕ್ಕೆ ಬಗ್ಗದ್ದು. ಏನು ಮಾಡಿ ಸೋತೆವು ಎಂಬುದು ವ್ಯಾಖ್ಯೆಯೊಳಗೇ ಇದೆ, ಮುಂದೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬೇಕೆಂಬ ಸೂಚನೆಯೂ ಅದರಿಂದಲೇ ಹೊರಡುತ್ತದೆ.

ಇಂಥ ಅಳತೆಗೋಲಿಲ್ಲದೆಯೇ ನಮ್ಮ ಕಾವೇರಿಗೆ ಇಂಗ್ಲಿಷ್ ಪತ್ರಿಕೆಗಳು ಈ ವಿಶೇಷಣವನ್ನೂ ಅದರ ತಮ್ಮನಾದ ‘ವೆಕ್ಸ್ಡ್’ ಅನ್ನೂ ಸರದಿಯಲ್ಲಿ ತೊಡಿಸುತ್ತವೆ. ನಿಜದಲ್ಲಿ ಹಂಚಿಕೆಯ ಅಂಕಿ 2018ರ ಫೆಬ್ರವರಿಯಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ: ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25. ಮಳೆ ಕೈಕೊಟ್ಟ 2023ರಲ್ಲಿ ಬಂದ್ ಆಯಿತು. ಕನ್ನಂಬಾಡಿ ತುಂಬಿದ 2024ರಲ್ಲಿ ಅಂಥ ಗಲಾಟೆ ಇರಲಿಲ್ಲ. ಬಗೆಹರಿಯದೆ ಉಳಿದಿರುವುದು ಇಡೀ ನದಿಯಲ್ಲ, ಬರದ ವರ್ಷದಲ್ಲಿ ಕೊರತೆಯನ್ನು ತಿಂಗಳು ತಿಂಗಳಿಗೆ ಹೇಗೆ ಹಂಚಿಕೊಳ್ಳಬೇಕೆಂಬ, ಎಲ್ಲರೂ ಒಪ್ಪುವ ಸೂತ್ರ. ಇಂಗ್ಲಿಷಿನಲ್ಲಿ ಕಾವೇರಿಯ ಬಗ್ಗೆ ಬರೆಯುವವರಲ್ಲಿ ಒಂದು ಕೋರಿಕೆ: ಮುಂದಿನ ಸಲ ಬೆರಳು ಆ ವಿಶೇಷಣದ ಕಡೆ ಹೋದಾಗ ನದಿಯನ್ನು ಬಿಟ್ಟು, ಆ ಸೂತ್ರಕ್ಕೆ ಯಾರು ಯಾವ ಸಭೆಯಲ್ಲಿ ಏನೆಂದು ಅಡ್ಡ ನಿಂತರು ಎಂಬುದನ್ನು ಬರೆಯಿರಿ.