ಎಡಗಾಲಿಗೆ ಕೆಲಸ ಇಲ್ಲದ ಕಾರು

ಹೊಸ ಕಾರು ತಗೋತೀನಿ ಅಂದ ಕೂಡಲೇ ನಮ್ಮ ಜನ ಕೇಳೋ ಪ್ರಶ್ನೆ ಎರಡೇ. ಲೀಟರಿಗೆ ಎಷ್ಟು ಕೊಡುತ್ತೆ? ಯಾವ ಕಲರ್ರು? ಎರಡಕ್ಕೂ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಮೈಲೇಜ್ ಎಷ್ಟಾದ್ರೂ ಕೊಡಲಿ, ಕಲರ್ ಮಾತ್ರ ಕೆಂಪು. ಎರಡು ತಿಂಗಳು ನನ್ನ ತಲೆ ತಿಂದಿದ್ದು ಮೂರನೇ ಪ್ರಶ್ನೆ. ಗೇರಿನ ಕಾರಾ, ಆಟೋಮ್ಯಾಟಿಕ್ಕಾ?

ಸ್ಪೋರ್ಟ್ಸ್ ಕಾರ್ ಅಂದ್ರೆ ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡೋ ಗಾಡಿ ಅಂತ ನೀವು ಅಂದುಕೊಂಡಿದ್ರೆ, ಅದು ನನ್ನ ಸಂಬಳಕ್ಕೂ ಎಟುಕಲ್ಲ, ನಮ್ಮ ಲೇಔಟಿನ ಹಂಪುಗಳಿಗೂ ಆಗಿಬರಲ್ಲ. ನನ್ನಂಥವರ ಸ್ಪೋರ್ಟ್ಸ್ ಕಾರ್ ಅಂದ್ರೆ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಥರದ್ದು. ನೋಡೋಕೆ ಸಂಸಾರಸ್ಥರ ಸೆಡಾನ್, ಒಳಗೆ ಒಂದೂವರೆ ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ನಾನು ನೋಡುವಾಗ ಇದರಲ್ಲಿ 6 ಸ್ಪೀಡಿನ ಮ್ಯಾನುಯಲ್ ಗೇರ್‌ಬಾಕ್ಸೂ ಸಿಗ್ತಿತ್ತು, 7 ಸ್ಪೀಡಿನ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ಕೂ ಸಿಗ್ತಿತ್ತು. ಎರಡರ ನಡುವೆ ಒಂದೂವರೆ ಲಕ್ಷದ ಆಸುಪಾಸು ವ್ಯತ್ಯಾಸ ಇತ್ತು. ಇದಕ್ಕಿಂತ ಮೇಲೆ ಹೋದ್ರೆ ಆಯ್ಕೆಯ ತಲೆನೋವೇ ಇಲ್ಲ. 2025ರಲ್ಲಿ ಭಾರತಕ್ಕೆ ಬಂದಾಗ ಗಾಲ್ಫ್ ಜಿಟಿಐ ಬೆಲೆ 53 ಲಕ್ಷ ಇತ್ತು, ಅದರಲ್ಲಿ ಕ್ಲಚ್ ಪೆಡಲ್ಲೇ ಇಲ್ಲ. ಅಷ್ಟು ದುಡ್ಡು ಕೊಟ್ಟು ಗೇರು ಹಾಕೋ ಸುಖ ಕೇಳಿದ್ರೂ ಸಿಗಲ್ಲ!

ಗೇರು ಹಾಕೋ ಸುಖ ನನಗೆ ಹತ್ತಿದ್ದು ಅಪ್ಪನಿಂದ. ಅಪ್ಪ ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಎಸ್ಟೇಟಿನ ಜೀಪು, ಪಿಕಪ್ಪು, ಒಮ್ಮೊಮ್ಮೆ ಡ್ರೈವರ್ ಬರದಿದ್ದಾಗ ಟ್ರ್ಯಾಕ್ಟರು, ಎಲ್ಲ ಓಡಿಸಿದವರು. ಪಿಯುಸಿ ರಜೆಯಲ್ಲಿ ನನಗೆ ನಮ್ಮ ಮಾರುತಿ 800 ಕಲಿಸಿದರು. ಕೊಯ್ಲು ಮುಗಿದು ಕಾಫಿ ಕಣ ಖಾಲಿ ಇತ್ತು. ಮೊದಲ ವಾರ ಅಲ್ಲೇ ಸುತ್ತು ಹೊಡೆದಿದ್ದಾಯ್ತು. ಎರಡನೇ ವಾರ ಕಾರನ್ನ ಮನೆ ಮುಂದಿನ ಏರಿನ ಮಧ್ಯದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ತಾಗಿಸಿ ಒಂದು ಕಿತ್ತಳೆಹಣ್ಣು ಇಟ್ಟರು. "ಈಗ ಹತ್ತಿಸವ್ವ. ಹಣ್ಣು ಅಪ್ಪಚ್ಚಿ ಆಗಬಾರದು, ಅಷ್ಟೇ" ಅಂದರು. ಹ್ಯಾಂಡ್ ಬ್ರೇಕ್ ಮುಟ್ಟೋ ಹಾಗಿಲ್ಲ. ಕ್ಲಚ್ಚು ಎಲ್ಲಿ ಕಚ್ಚುತ್ತೆ ಅನ್ನೋದನ್ನ ಪಾದಕ್ಕೆ ಗೊತ್ತು ಮಾಡಿಸಬೇಕು, ಎಂಜಿನ್ ಸದ್ದು ಸ್ವಲ್ಪ ತಗ್ಗಿದಾಗ ಆಕ್ಸಿಲರೇಟರ್ ಕೊಡಬೇಕು. ಆ ವಾರ ನಮ್ಮನೇಲಿ ಕಿತ್ತಳೆ ಜ್ಯೂಸಿಗೆ ಬರ ಇರಲಿಲ್ಲ.

ಹಾಗಾಗಿ ವರ್ಟಸ್ ನೋಡೋಕೆ ಹೋದಾಗ ನನ್ನ ಮನಸ್ಸು ಮ್ಯಾನುಯಲ್ ಕಡೆಗೇ ಇತ್ತು. ಅದರ ಮೇಲೆ ಆಫೀಸಿನಲ್ಲಿ ಪಕ್ಕದ ಟೀಮಿನ ಪುಣ್ಯಾತ್ಮ ಒಬ್ಬ, "ಲೇಡೀಸ್‌ಗೆ ಆಟೋಮ್ಯಾಟಿಕ್ಕೇ ಈಸಿ, ತಗೊಂಡುಬಿಡಿ" ಅಂದ. ಆವತ್ತು ಸಂಜೆ ಮ್ಯಾನುಯಲ್ ಬುಕ್ ಮಾಡೇಬಿಡ್ತಿದ್ದೆ. ಗಂಡ ತಡೆದ. "ಅವನ ಮೇಲಿನ ಸಿಟ್ಟಿಗೆ ನೀನು ಐದು ವರ್ಷ ಇಎಂಐ ಕಟ್ಟಬೇಡ ಮಾರಾಯ್ತಿ" ಅಂದ. ಸರಿ, ತಲೆ ತಣ್ಣಗೆ ಮಾಡಿಕೊಂಡು ಯೋಚಿಸೋಣ ಅಂತ ಕೂತೆ.

ವೇಗದ ಲೆಕ್ಕ ಬೇಗ ಮುಗಿಯಿತು. ಅದರಲ್ಲಿ ಆಟೋಮ್ಯಾಟಿಕ್ಕೇ ಮುಂದೆ. ಎಲ್ಲ ಆಟೋಮ್ಯಾಟಿಕ್ಕೂ ಹಾಗಲ್ಲ ಅನ್ನಿ. 2014ರಲ್ಲಿ ಸೆಲೆರಿಯೊ ಜೊತೆ ನಮ್ಮಲ್ಲಿಗೆ ಬಂದ ಎಎಂಟಿ ಪಾಪ ಅಗ್ಗದ್ದು, ಗೇರು ಬದಲಿಸುವಾಗ ಒಂದು ಸಲ ತಲೆಯಾಡಿಸುತ್ತೆ. ಡಿಎಸ್‌ಜಿ ಬೇರೆ ಜಾತಿ. ಅದರಲ್ಲಿ ಎರಡು ಕ್ಲಚ್. ಒಂದು, ಮೂರು, ಐದು, ಏಳನೇ ಗೇರು ಒಂದರ ಪಾಲಿಗೆ, ಎರಡು, ನಾಲ್ಕು, ಆರು ಇನ್ನೊಂದರ ಪಾಲಿಗೆ. ನೀವು ಮೂರನೇ ಗೇರಿನಲ್ಲಿ ಹೋಗ್ತಿರುವಾಗಲೇ ಅದು ನಾಲ್ಕನ್ನ ಸಜ್ಜು ಮಾಡಿಟ್ಟುಕೊಂಡು ಕಾಯ್ತಾ ಇರುತ್ತೆ. ಬದಲಾಯಿಸೋದು ಅಂದ್ರೆ ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿಯೋದು ಅಷ್ಟೇ. ನನ್ನ ಎಡಗಾಲು ಎಷ್ಟೇ ಚುರುಕಾದ್ರೂ ಅದರ ಮುಂದೆ ನಡೆಯಲ್ಲ. ರೇಸಿನವರಿಗೆ ಇದು ಹಳೇ ಕಥೆ. 1989ರಲ್ಲಿ ಫೆರಾರಿಯವರು ಸ್ಟೀರಿಂಗ್ ಹಿಂದೆ ಪ್ಯಾಡಲ್ ಇಟ್ಟು ಗೇರು ಬದಲಿಸೋ ಫಾರ್ಮುಲಾ ಒನ್ ಕಾರು ತಂದರು. ಮೊದಲ ರೇಸಿನಲ್ಲೇ, ಬ್ರೆಜಿಲ್‌ನಲ್ಲಿ, ನೈಜೆಲ್ ಮ್ಯಾನ್ಸೆಲ್ ಅದನ್ನ ಗೆಲ್ಲಿಸಿದ.

ಆದ್ರೆ ವೇಗವೊಂದೇ ಮುಖ್ಯ ಆಗಿದ್ರೆ ಪೋರ್ಷೆಯವರಿಗೆ ಆ ಪಾಡು ಬರ್ತಿರಲಿಲ್ಲ. 2013ರಲ್ಲಿ ಅವರು ಹೊಸ 911 ಜಿಟಿ3ಯನ್ನ ಬರೀ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ಕಿನಲ್ಲೇ ತಂದರು. ಟ್ರ್ಯಾಕಿನಲ್ಲಿ ಅದೇ ಫಾಸ್ಟು, ಲೆಕ್ಕ ಸರಿಯಾಗೇ ಇತ್ತು. ಆದ್ರೆ ಹಳೇ ಅಭಿಮಾನಿಗಳು ಮುನಿಸಿಕೊಂಡರು. 2016ರಲ್ಲಿ ಮ್ಯಾನುಯಲ್ ಮಾತ್ರ ಇರೋ 911 ಆರ್ ಅಂತ ಒಂದು ಬಂತು, ತಯಾರಾಗಿದ್ದು 991 ಕಾರು ಮಾತ್ರ. ಅದಕ್ಕೆ ಜನ ಮುಗಿಬಿದ್ದಿದ್ದು ನೋಡಿ, 2017ರ ಜಿಟಿ3ಯಲ್ಲಿ ಗೇರು ಬೇಕಾದವರಿಗೆ ಗೇರು ವಾಪಸ್ ಬಂತು. ಟೊಯೊಟಾ ಸುಪ್ರಾ ಕಥೆಯೂ ಹೆಚ್ಚುಕಡಿಮೆ ಇದೇ. 2019ರಲ್ಲಿ ಬರೀ ಆಟೋಮ್ಯಾಟಿಕ್ ಆಗಿ ಬಂದು, ಆಮೇಲೆ ಮ್ಯಾನುಯಲ್ ಸೇರಿಸಿಕೊಂಡಿತು. ನಿಧಾನ ಅಂತ ಗೊತ್ತಿದ್ದೂ ಅದನ್ನೇ ಕೇಳೋ ಜನ ಹುಚ್ಚರಲ್ಲ. ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಇಳಿಸುವಾಗ ಆಕ್ಸಿಲರೇಟರನ್ನ ಒಂದು ತಟ್ಟು ತಟ್ಟಿ, ಎಂಜಿನ್ನೂ ಚಕ್ರವೂ ಜರ್ಕ್ ಇಲ್ಲದೆ ಕೂಡಿಕೊಳ್ಳುತ್ತಲ್ಲ, ಆ ಅರೆಕ್ಷಣ ಅದು ನನ್ನ ಕೆಲಸ. ಡಿಎಸ್‌ಜಿ ಅದನ್ನ ನನಗಿಂತ ಚೆನ್ನಾಗಿ ಮಾಡುತ್ತೆ. ನಾನು ನೋಡ್ತಾ ಕೂತಿರ್ತೀನಿ.

ಇನ್ನು ಟ್ರಾಫಿಕ್ಕು. ಒಂದು ಶುಕ್ರವಾರ ಸಂಜೆ ನನ್ನ ಹಳೇ ಕಾರಿನಲ್ಲಿ ಮಾರತಹಳ್ಳಿ ಬ್ರಿಜ್ಜಿನಿಂದ ಸಿಲ್ಕ್ ಬೋರ್ಡ್‌ವರೆಗೆ ಎಷ್ಟು ಸಲ ಕ್ಲಚ್ ತುಳೀತೀನಿ ಅಂತ ಎಣಿಸಿದೆ. 212. ಮಧ್ಯೆ ಅಮ್ಮನ ಫೋನ್ ಬಂದಾಗ ಲೆಕ್ಕ ತಪ್ಪಿದ್ದು ಬೇರೆ. ಡಿಎಸ್‌ಜಿ ಇದ್ರೆ ಸ್ವರ್ಗ ಅಂತೇನೂ ಅಲ್ಲ. ಈ 7 ಸ್ಪೀಡಿನದ್ದು ಒಣ ಕ್ಲಚ್ಚು. ಬ್ರೇಕನ್ನ ಅರ್ಧ ಹಿಡಿದು ಇಂಚಿಂಚು ಸರಿಯುತ್ತಾ ಇದ್ರೆ ಒಳಗೆ ಬಿಸಿಯಾಗುತ್ತೆ, ಸವೆಯುತ್ತೆ. ಮುಂದೆ ನಾಲ್ಕು ಅಡಿ ಜಾಗ ಆಗೋ ತನಕ ಬ್ರೇಕ್ ಪೂರ್ತಿ ಒತ್ತಿ ನಿಂತು, ಆಮೇಲೆ ಹೋಗಬೇಕು. ಬೆಂಗಳೂರಿನಲ್ಲಿ ನಾಲ್ಕು ಅಡಿ ಬಿಟ್ರೆ ಅಲ್ಲಿಗೆ ಒಂದು ಆಟೋ, ಎರಡು ಸ್ಕೂಟರ್ ಬಂದು ನಿಂತಿರುತ್ತೆ, ಅದು ಬೇರೆ ವಿಷಯ.

ಇಷ್ಟಾದ್ರೂ ನನ್ನ ತಕ್ಕಡಿ ಮ್ಯಾನುಯಲ್ ಕಡೆಗೇ ವಾಲಿತ್ತು. ಅದನ್ನ ಅಲುಗಾಡಿಸಿದ್ದು ಅಮ್ಮನ ಒಂದು ಮಾತು.

ಎರಡು ವರ್ಷದಿಂದ ಅಪ್ಪನಿಗೆ ಎಡಮಂಡಿ ಸವೆದಿದೆ. ನಡೀತಾರೆ, ತೋಟಕ್ಕೆ ನಿಧಾನವಾಗಿ ಹೋಗಿಬರ್ತಾರೆ, ಆದ್ರೆ ಕ್ಲಚ್ ತುಳಿದರೆ ಮಂಡಿಯೊಳಗೆ ಸೂಜಿ ಚುಚ್ಚಿದ ಹಾಗೆ ಆಗುತ್ತಂತೆ. ಒಂದು ದಿನ ಹಾಸನದಿಂದ ವಾಪಸ್ ಬಂದವರು 800ಗೆ ಟಾರ್ಪಾಲು ಹೊದಿಸಿ, ಕೀ ತಂದು ದೇವರ ಮನೆ ಗೂಡಿನಲ್ಲಿಟ್ಟರು. ಯಾರಿಗೂ ಏನೂ ಹೇಳಲಿಲ್ಲ. ಈಗ ಔಷಧಿಗೆ, ಸಂತೆಗೆ, ಮದುವೆ ಮನೆಗೆ, ಎಲ್ಲದಕ್ಕೂ ಪಕ್ಕದ ತೋಟದವರ ಗಾಡಿ ಕಾಯಬೇಕು. ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: "ಮಂಡಿ ನೋವು ತಡ್ಕತಾರೆ ಕಣೆ. ಇನ್ನೊಬ್ಬರ ಗಾಡಿಗೆ ಕಾಯ್ಕಂಡು ಗೇಟಲ್ಲಿ ನಿಂತ್ಕಳದು ಐತಲ್ಲ, ಅದು ತಡಿಯಕ್ಕಾಗ್ತಿಲ್ಲ ಅವರಿಗೆ."

ಡಾಕ್ಟರನ್ನ ಕೇಳಿದೆ. ಬಲಗಾಲು ಸರಿಯಾಗಿದೆ, ಕ್ಲಚ್ ಇಲ್ಲದ ಕಾರು ಓಡಿಸೋಕೆ ಅಡ್ಡಿಯಿಲ್ಲ, ದೂರ ಬೇಡ ಅಂದರು. ನಾನು ತಿಂಗಳಿಗೆ ಒಂದು ವಾರ ಊರಿನಿಂದಲೇ ಕೆಲಸ ಮಾಡ್ತೀನಿ. ಆ ವಾರ ನನ್ನ ಕಾರು ಹಗಲೆಲ್ಲ ಅಂಗಳದಲ್ಲೇ ನಿಂತಿರುತ್ತೆ.

ಗಂಡ ಲೆಕ್ಕ ಹಾಕಿದ. "ತಿಂಗಳಿಗೆ ಒಂದು ವಾರ ಮಾವ ಓಡಿಸ್ತಾರೆ ಅಂತ ಉಳಿದ ಮೂರು ವಾರದ ಖುಷಿ ಬಿಡ್ತೀಯಾ?" ಮೂರು ವಾರ ನಾನಿರೋದು ಸಿಲ್ಕ್ ಬೋರ್ಡಿನಲ್ಲಿ ಅಂದೆ. ನಕ್ಕ. ಆದ್ರೆ ಅವನ ಪ್ರಶ್ನೆ ಸುಳ್ಳಲ್ಲ. ನಾನು ಈ ಕಾರಿಗೆ ಆಸೆಪಟ್ಟಿದ್ದೇ ನೆಲಮಂಗಲ ದಾಟಿದ ಮೇಲಿನ ರಸ್ತೆಗೆ, ಸಕಲೇಶಪುರದ ಆಚೆಯ ತಿರುವುಗಳಿಗೆ. ಅಲ್ಲಿ ಕೈಗೆ ಗೇರು ಬೇಕು.

ಅಪ್ಪನನ್ನ ಕೇಳಿದ್ರೆ ಒಂದೇ ಉತ್ತರ ಬರುತ್ತೆ ಅಂತ ಗೊತ್ತಿತ್ತು, ಅದೇ ಬಂತು. "ನನಗೋಸ್ಕರ ಏನೂ ಬ್ಯಾಡ. ನೀನು ಗೇರಿಂದೇ ತಗಾ. ಅದಿಲ್ದಿದ್ರೆ ಅದು ಕಾರಲ್ಲ ಕಣವ್ವ, ಲಿಫ್ಟು." ಅದಕ್ಕೇ ಕೇಳೋದು ಬಿಟ್ಟು, ಸ್ನೇಹಿತೆಯೊಬ್ಬಳ ಆಟೋಮ್ಯಾಟಿಕ್ ಕಾರು ಇಸ್ಕೊಂಡು ಒಂದು ಲಾಂಗ್ ವೀಕೆಂಡ್ ಊರಿಗೆ ಹೋದೆ. ಮಾರನೇ ದಿನ ಬೆಳಿಗ್ಗೆ ಕೀ ಕೈಗೆ ಕೊಟ್ಟೆ.

ಮೊದಲ ಐದು ನಿಮಿಷ ಅನಾಹುತ. ನಲವತ್ತು ವರ್ಷ ಕ್ಲಚ್ ತುಳಿದ ಎಡಗಾಲು ಸುಮ್ಮನೆ ಕೂರುತ್ತಾ? ಗೇಟಿನ ಹತ್ತಿರ ವೇಗ ತಗ್ಗಿಸುವಾಗ ಅದು ತಾನಾಗೇ ಮುಂದೆ ಬಂದು ಕ್ಲಚ್ಚು ಅಂದ್ಕೊಂಡು ತುಳಿದಿದ್ದು ಬ್ರೇಕನ್ನ. ಆಟೋಮ್ಯಾಟಿಕ್ಕಿನಲ್ಲಿ ಬ್ರೇಕ್ ಪೆಡಲ್ ಅಗಲ, ಎಡಗಾಲಿಗೆ ಸಲೀಸಾಗಿ ಸಿಗುತ್ತೆ. ಕ್ಲಚ್ ತುಳಿಯೋ ಜೋರಿನಲ್ಲಿ ಬ್ರೇಕ್ ತುಳಿದ್ರೆ ಏನಾಗುತ್ತೆ? ಕಾರು ನಿಂತಲ್ಲೇ ಕುಪ್ಪಳಿಸಿತು, ಹಿಂದೆ ಕೂತಿದ್ದ ಅಮ್ಮನ ಕೈಯಲ್ಲಿದ್ದ ಬ್ಯಾಗು ಗೇರ್ ಲಿವರ್ ಹತ್ತಿರ ಬಂದು ಬಿತ್ತು. ಅಪ್ಪ ಕಾರಿಗೆ ಬೈದದ್ದನ್ನ ಇಲ್ಲಿ ಬರೆಯೋಕಾಗಲ್ಲ. ಗೇರಿನಿಂದ ಆಟೋಮ್ಯಾಟಿಕ್ಕಿಗೆ ಬದಲಾಗೋ ಯಾರೇ ಆದ್ರೂ ಮೊದಲ ದಿನ ಖಾಲಿ ಜಾಗದಲ್ಲೇ ಓಡಿಸಿ, ಹಿಂದೆ ಯಾವ ಗಾಡಿಯೂ ಇರದ ಕಡೆ. ಎಡಗಾಲನ್ನ ಹಿಂದಕ್ಕೆಳೆದು ಸೀಟಿನ ಬುಡಕ್ಕೆ ಒತ್ತಿಟ್ಟುಕೊಳ್ಳಿ. ಅಪ್ಪ ಚಪ್ಪಲಿ ಬಿಚ್ಚಿ ಹಾಗೇ ಮಾಡಿದರು.

ಹಾನಬಾಳು ರಸ್ತೆಯ ಇಳಿಜಾರಿಗೆ ಬಂದಾಗ ಅವರಿಗೆ ಮತ್ತೆ ಗಾಬರಿ. "ಎರಡನೇ ಗೇರಿಗೆ ಹಾಕ್ಬೇಕಲ್ಲ ಇಲ್ಲಿ? ಬರೀ ಬ್ರೇಕಲ್ಲಿ ಇಳಿಸದಾ?" ನಿಜ, ಘಟ್ಟದಲ್ಲಿ ಬ್ರೇಕನ್ನೇ ನಂಬಿ ಇಳಿದರೆ ಅದು ಬಿಸಿಯಾಗಿ ಹಿಡಿತ ಬಿಡುತ್ತೆ, ಎಂಜಿನ್ನೇ ಕಾರನ್ನ ತಡೀಬೇಕು. ಲಿವರನ್ನ ಪಕ್ಕಕ್ಕೆ ಸರಿಸಿ 'ಎಂ'ಗೆ ಹಾಕಿ ತೋರಿಸಿದೆ. ಮೀಟರಿನಲ್ಲಿ 2 ಅಂತ ಬಂತು, ಎಂಜಿನ್ ಗುರ್ ಅಂತ ಕಾರನ್ನ ಹಿಡಿದುಕೊಂಡಿತು. ಅಪ್ಪ ಒಂದು ಕ್ಷಣ ಆ ಸದ್ದನ್ನೇ ಕೇಳಿದರು. "ಓ, ಹಂಗಾದ್ರೆ ಗೇರು ಐತೆ ಇದರಲ್ಲಿ. ಹೇಳ್ಬಾರ್ದಾ ಮೊದಲೇ?" ಅಂದರು. ಅಲ್ಲಿಂದ ಒಂದು ಗಂಟೆ ಸ್ಟೀರಿಂಗ್ ಬಿಡಲಿಲ್ಲ. ದಾರಿಯಲ್ಲಿ ಸಿಕ್ಕ ಪಕ್ಕದ ತೋಟದವರಿಗೆ ಕಾರು ನಿಲ್ಲಿಸಿ, "ಪ್ಯಾಟೆ ಕಡೆನಾ? ಹತ್ಕಳಿ" ಅಂದರು. ಆ ದನಿ ನಾನು ಕೇಳಿ ಎರಡು ವರ್ಷ ಆಗಿತ್ತು.

ಸೋಮವಾರ ಆಟೋಮ್ಯಾಟಿಕ್ ಬುಕ್ ಮಾಡಿದೆ. ಕೆಂಪು.

ತ್ಯಾಗ ಗೀಗ ಅಂತೆಲ್ಲ ಅಂದ್ಕೋಬೇಡಿ. ನೀವು ಒಬ್ಬರೇ ಇದ್ದು, ಆಫೀಸಿಗೆ ಮೆಟ್ರೊದಲ್ಲಿ ಹೋಗಿ, ಕಾರನ್ನ ಭಾನುವಾರಕ್ಕೆ ಮಾತ್ರ ಇಟ್ಟುಕೊಳ್ಳೋರಾದ್ರೆ ಮ್ಯಾನುಯಲ್ ತಗೊಳ್ಳಿ, ಇನ್ನೊಬ್ಬರ ಮಾತು ಕೇಳಬೇಡಿ, ನನ್ನ ಮಾತೂ ಬೇಡ. ಸಿಗೋ ಕಾರುಗಳೂ ಕಮ್ಮಿ ಆಗ್ತಿವೆ. ನನ್ನ ಕಾರಿನಲ್ಲಿ ಪ್ಯಾಡಲ್ ಇದೆ, ತಿರುವುಗಳಲ್ಲಿ ಬಳಸ್ತೀನಿ, ಚೆನ್ನಾಗೇ ಇದೆ. ಆದ್ರೆ ಅದು ಬಟನ್ ಒತ್ತಿದ ಹಾಗೆ, ಕ್ಲಚ್ ಕಚ್ಚಿದಾಗ ಪಾದಕ್ಕೆ ಗೊತ್ತಾಗೋ ಆ ನಡುಕ ಅದರಲ್ಲಿಲ್ಲ. ಅದು ನೆನಪಾದಾಗ ಊರಿನಲ್ಲಿ ಟಾರ್ಪಾಲು ತೆಗೆದು, ಹೊಸ ಬ್ಯಾಟರಿ ಹಾಕಿಸಿರೋ 800ನ್ನ ಒಂದು ಸುತ್ತು ಹೊಡೆಸಿಕೊಂಡು ಬರ್ತೀನಿ. ನಾಲ್ಕೇ ಗೇರು, ಎಸಿ ಕೆಟ್ಟಿದೆ.

ಅಪ್ಪ ಪ್ಯಾಡಲ್ ಮುಟ್ಟಲ್ಲ. "ಕಾರು ಓಡಿಸದೋ, ವೀಣೆ ನುಡಿಸದೋ?" ಅಂತಾರೆ. ನಾನು ಜಗುಲಿಯಲ್ಲಿ ಕೂತು ಮೀಟಿಂಗಿನಲ್ಲಿರುವಾಗ ಅವರು ಸಂತೆಯಿಂದ ವಾಪಸ್ ಬರೋ ಹೊತ್ತಾಗಿರುತ್ತೆ. ಡಿಯಲ್ಲೇ ಬಿಟ್ರೆ ಕಾರು ಮನೆ ಮುಂದಿನ ಏರನ್ನ ಆರಾಮಾಗಿ ಮೂರನೇ ಗೇರಿನಲ್ಲಿ ಹತ್ತುತ್ತೆ, ಸದ್ದೇ ಇರಲ್ಲ. ಇವರು ಬಂದಿದ್ದು ಮಾತ್ರ ಗೇಟಿನಿಂದಲೇ ಗೊತ್ತಾಗುತ್ತೆ. ಲಿವರ್ ಪಕ್ಕಕ್ಕೆ ಸರಿಸಿ, ಎರಡಕ್ಕೆ ಇಳಿಸಿ, ಪೂರ್ತಿ ಏರನ್ನ ಗುರ್ ಅನ್ನಿಸಿಕೊಂಡೇ ಹತ್ತಿಸ್ತಾರೆ. ನಾನು ಮೈಕ್ ಮ್ಯೂಟ್ ಮಾಡ್ಕೋತೀನಿ.